ಬರೆದವನು ತಾತ

ಲಿಫ್ಟ್ ಮೆಕ್ಯಾನಿಕ್ ಎಂದರೆ ಮೇಲೆ ಕೆಳಗೆ ಓಡಾಡುವ ಪೆಟ್ಟಿಗೆಯನ್ನು ರಿಪೇರಿ ಮಾಡುವವನು. ನಮ್ಮ ಈ ಮೆಕ್ಯಾನಿಕ್ ಮಾತ್ರ ಪೆಟ್ಟಿಗೆಗಿಂತ ತಾನೇ ಹೆಚ್ಚು ಓಡಾಡುವ ಪೈಕಿ. ಕೂತಲ್ಲಿ ಕೂರುವ ಜನ್ಮವೇ ಅಲ್ಲ. ಊಟಕ್ಕೆ ಕೂತರೆ ಒಂದು ಮೊಣಕಾಲು ತನ್ನ ಪಾಡಿಗೆ ತಾನು ಕುಣಿಯುತ್ತಿರುತ್ತದೆ, ಎಡಗೈ ಬೆರಳು ತಟ್ಟೆಯ ಅಂಚಿನ ಮೇಲೆ ತಾಳ ಹಾಕುತ್ತಿರುತ್ತದೆ, ಅರ್ಧ ತಿಂದು ಎದ್ದು ಕೋಣೆಗೆ ಓಡಿ ಏನೋ ಗೀಚಿ ವಾಪಸ್ ಬರುತ್ತಾನೆ. ಅಷ್ಟರಲ್ಲಿ ಹೆಂಡತಿ ತಟ್ಟೆ ತೊಳೆದಿಟ್ಟಿರುತ್ತಾಳೆ. "ನೀವು ಎದ್ರಲ್ಲ, ಆಯ್ತು ಅನ್ಕೊಂಡೆ" ಎನ್ನುತ್ತಾಳೆ. ಅವಳಿಗೆ ಗೊತ್ತು ಆಗಿಲ್ಲವೆಂದು. ಅವನಿಗೂ ಗೊತ್ತು ಅವಳಿಗೆ ಗೊತ್ತೆಂದು.

ಅವನು ಗೀಚುತ್ತಿದ್ದದ್ದು ಸಂಗೀತ. ಅದೂ ಈಗಿನ ಕಾಲದ್ದಲ್ಲ. ಕುದುರೆಗಾಡಿಯ ಕಾಲದಲ್ಲಿ ಅರಮನೆಗಳಲ್ಲಿ ನುಡಿಸುತ್ತಿದ್ದರಲ್ಲ, ನಾಲ್ಕಾರು ವಯೊಲಿನ್, ನೆಲಕ್ಕೂರಿ ನುಡಿಸುವ ದೊಡ್ಡ ವಯೊಲಿನ್ನಿನಂಥ ಒಂದೆರಡು ಚೆಲ್ಲೊ, ಒಂದು ಕೊಳಲು ಸೇರಿಸಿಕೊಂಡು, ಆ ಶೈಲಿಯದ್ದು. ಯಾರೂ ಕಲಿಸಿದವರಿಲ್ಲ. ಗ್ರಂಥಾಲಯದ ಹಳೇ ಪುಸ್ತಕಗಳಿಂದ ಸ್ವರಗಳನ್ನು ಹೇಗೆ ಜೋಡಿಸಬೇಕು, ಯಾವ ಸ್ವರದ ಹಿಂದೆ ಯಾವುದು ಬರಬೇಕು, ಯಾವುದು ಬಂದರೆ ಮಹಾಪಾಪ ಎಂಬ ನಿಯಮಗಳನ್ನೆಲ್ಲ ಅರೆದು ಕುಡಿದಿದ್ದ. ಬಾಯಲ್ಲಿ ಗುನುಗಿ ನೋಡುವುದಕ್ಕೆ ಅವನಿಗೆ ಸಿಕ್ಕ ಜಾಗವೆಂದರೆ ಪೆಟ್ಟಿಗೆ ಓಡಾಡುವ ಲಿಫ್ಟಿನ ಹೊಂಡ. ಕೈಯಲ್ಲಿ ಗ್ರೀಸ್ ಡಬ್ಬ ಹಿಡಿದು ಪೆಟ್ಟಿಗೆಯ ನೆತ್ತಿಯ ಮೇಲೆ ನಿಂತು, ಹಳಿಗಳಿಗೆ ಗ್ರೀಸ್ ಬಳಿಯುತ್ತ ಗುನುಗಿದರೆ ಗೋಡೆಗಳು ದನಿಯನ್ನು ದಪ್ಪ ಮಾಡಿ ವಾಪಸ್ ಕೊಡುತ್ತಿದ್ದವು. ಒಂದು ಕಟ್ಟಡದ ಮುದುಕಿಯೊಬ್ಬಳು ಗೋಡೆಯೊಳಗೆ ಯಾರೋ ಅಳುತ್ತಿದ್ದಾರೆಂದು ಕಾವಲುಗಾರನಿಗೆ ದೂರು ಕೊಟ್ಟದ್ದೂ ಉಂಟು. ಅಳುವುದಲ್ಲ ಎಂದು ಹೇಳಲು ಅವನಿಗೆ ಬಹಳ ಸಂಕೋಚವಾಯಿತು.

ಬರೆದದ್ದು ರಾಶಿ ಬಿದ್ದಿತ್ತು. ನುಡಿಸುವವರು ಯಾರು? ಅಲ್ಲಿಯೇ ಇದ್ದದ್ದು ಅವನ ಜೀವ ತಿನ್ನುವ ಸಂಕಟ. ಕಂಪ್ಯೂಟರಿಗೆ ಕೊಟ್ಟರೆ ಅದು ನುಡಿಸುತ್ತಿತ್ತು, ಬ್ಯಾಂಕಿನ ಫೋನಿನಲ್ಲಿ "ದಯವಿಟ್ಟು ಕಾಯಿರಿ" ಅಂದ ಮೇಲೆ ಕೇಳಿಸುವ ಸಂಗೀತದ ಹಾಗೆ. ಮನುಷ್ಯರು ಉಸಿರು ಬಿಗಿಹಿಡಿದು, ಬೆವರಿ, ತಪ್ಪಿ, ತಿದ್ದಿಕೊಂಡು ನುಡಿಸುವುದನ್ನು ಒಂದೇ ಒಂದು ಸಲ ಕೇಳಬೇಕು. ಅದೊಂದು ಆಗದೆ ಕಣ್ಣು ಮುಚ್ಚಿದರೆ ತಾನು ಬದುಕಿದ್ದಕ್ಕೆ ಅರ್ಥವೇ ಇಲ್ಲ ಎಂಬಷ್ಟು ಅವನಿಗೆ ಅನ್ನಿಸಿಬಿಟ್ಟಿತ್ತು.

ಊರಿನಲ್ಲಿ ಒಂದು ವಾದ್ಯವೃಂದವಿತ್ತು. ಹೊಟ್ಟೆಪಾಡಿಗೆ ಬೇರೆ ಬೇರೆ ಕೆಲಸ ಮಾಡುವವರು ರಜೆಯ ದಿನ ಒಂದು ಶಾಲೆಯ ಊಟದ ಹಾಲ್‌ನಲ್ಲಿ ಬೆಂಚು ಸರಿಸಿ ನುಡಿಸುತ್ತಿದ್ದರು. ಅದನ್ನು ಮುನ್ನಡೆಸುತ್ತಿದ್ದವರು ಒಬ್ಬ ಹಲ್ಲಿನ ಡಾಕ್ಟರು. ಎತ್ತರದ ಆಳು, ಬಿಳಿ ಮೀಸೆ, ಕೈಯಲ್ಲಿ ಸಣ್ಣ ಕಡ್ಡಿ. ಅವರನ್ನು ಕಂಡಕ್ಟರ್ ಅನ್ನುತ್ತಾರೆ ಎಂದು ಮೆಕ್ಯಾನಿಕ್ ಮನೆಯಲ್ಲಿ ಹೇಳಿದಾಗ ಹೆಂಡತಿ, "ಹಾಗಾದ್ರೆ ಚಿಲ್ಲರೆ ಸರಿಯಾಗಿ ಇಟ್ಕೊಂಡು ಹೋಗಿ" ಎಂದಿದ್ದಳು.

ಡಾಕ್ಟರಿಗೆ ಅವನು ತನ್ನ ಕೃತಿಗಳನ್ನು ಮತ್ತೆ ಮತ್ತೆ ಕೊಟ್ಟು ನೋಡಿದ. ಅವರು ಹಾಳೆ ಮಗುಚಲೂ ಇಲ್ಲ. "ನೋಡೀಪ್ಪ, ಬೇಜಾರು ಮಾಡ್ಕೋಬೇಡಿ. ಬದುಕಿರೋರದ್ದು ನಾವು ನುಡಿಸಲ್ಲ. ಒಬ್ಬರದ್ದು ತಗೊಂಡ್ರೆ ಊರಲ್ಲಿರೋ ಬರೆಯೋರೆಲ್ಲ ಬಾಗಿಲಿಗೆ ಬರ್ತಾರೆ. ಕಾಲ ಒಪ್ಪಿರೋದು ಮಾತ್ರ ನಮಗೆ" ಎಂದರು. ಬಾಯಿ ತೆರೆಸಿ ಹಲ್ಲು ಕೀಳುವಾಗ ಹೇಳುವ ಮೆತ್ತನೆಯ ದನಿಯಲ್ಲಿಯೇ ಹೇಳಿದರು.

ಬದುಕಿರುವುದೇ ತೊಡಕಾದರೆ ಸತ್ತರಾಯಿತು ಎಂದು ಅವನು ಯೋಚಿಸಿದ್ದು ಆಗಲೇ. ತಾನು ಸಾಯುವುದಲ್ಲ, ಅಷ್ಟು ಧೈರ್ಯವಿಲ್ಲ. ತನ್ನ ಬದಲು ಬೇರೊಬ್ಬನನ್ನು ಸಾಯಿಸುವುದು. ಇದ್ದುದರಲ್ಲಿ ತನಗೆ ಅತಿ ಇಷ್ಟವಾದ ಕೃತಿಯನ್ನು ನೀಟಾಗಿ ಪ್ರತಿ ಮಾಡಿ, ಮೇಲೆ ದಪ್ಪಕ್ಷರದಲ್ಲಿ "ಹೆಸರು ತಿಳಿಯದ ಹಳೆಯ ಸಂಗೀತಗಾರನ ಕೃತಿ" ಎಂದು ಬರೆದ. ಕೆಳಗೆ, ಇರುವೆ ಸಾಲಿನಷ್ಟು ಸಣ್ಣಗೆ, "ವಾದ್ಯಗಳಿಗೆ ಹೊಂದಿಸಿದವನು" ಎಂದು ತನ್ನ ಹೆಸರು ಹಾಕಿದ. ಹಳೇ ಸಾಮಾನಿನ ಅಂಗಡಿಯಲ್ಲಿ ಸಿಕ್ಕಿದ ಹರಕು ಹಾಳೆಗಳಿಂದ ಇಳಿಸಿಕೊಂಡದ್ದು ಎಂದು ಡಾಕ್ಟರಿಗೆ ಒಂದು ಕಥೆ ಕಟ್ಟಿದ. ಕಥೆ ಹೇಳುವಾಗ ಅವನ ಕಿವಿ ಕೆಂಪಾಗಿತ್ತು. ಡಾಕ್ಟರು ನೋಡಿದ್ದು ಹಾಳೆಯನ್ನು.

ಮರುದಿನವೇ ಫೋನ್ ಬಂತು. "ಎಲ್ಲಿತ್ರೀ ಇದು? ನಾನು ನಿದ್ದೆ ಮಾಡಿಲ್ಲ!" ಎಂದು ಡಾಕ್ಟರು ಕೂಗಿದರು. ಮೆಕ್ಯಾನಿಕ್ ಆಗ ಲಿಫ್ಟಿನ ನೆತ್ತಿಯ ಮೇಲಿದ್ದ. ಖುಷಿಗೆ ಎಗರಿದವನು ತಲೆಯನ್ನು ಕಬ್ಬಿಣದ ತೊಲೆಗೆ ಬಡಿದುಕೊಂಡ. ಮನೆಗೆ ಬಂದು, ಹಣೆಯ ಬುಗುಟು ತೋರಿಸುತ್ತ, ಹೆಂಡತಿಗೆ ಎಲ್ಲವನ್ನೂ ಹೇಳಿದ. ನಗುತ್ತಾಳೆ ಎಂದುಕೊಂಡಿದ್ದ. ಅವಳು ನಗಲಿಲ್ಲ.

"ಅದ್ರಲ್ಲಿ ನಡುವೆ ಬರೋ ನಿಧಾನದ್ದು, ನಮ್ಮ ಮಗೂಗೆ ಹಾಡ್ತಿದ್ರಲ್ಲ, ಅದೇ ಅಲ್ವಾ?"

"ಅದೇ."

"ಹೆತ್ತ ಮಗೂನ ಪಕ್ಕದ್ಮನೆಯೋರ ಹೆಸರಲ್ಲಿ ಶಾಲೆಗೆ ಸೇರಿಸ್ದಂಗಾಯ್ತು" ಎಂದು ಹೇಳಿ ಅವಳು ಬಟ್ಟೆ ಮಡಿಸತೊಡಗಿದಳು.

ಅವಳ ಮಾತು ಅವನಿಗೆ ನಾಟಿತು. ನಾಟಿದ್ದನ್ನು ತೋರಿಸಿಕೊಳ್ಳದೆ, "ನಿನಗೆ ಇದೆಲ್ಲ ಅರ್ಥ ಆಗಲ್ಲ" ಎಂದ. ಗಂಡಂದಿರು ಮಾತು ಸೋತಾಗ ಆಡುವುದು ಇದನ್ನೇ.

ಆ ನಿಧಾನದ ಭಾಗದ ಹಿನ್ನೆಲೆ ಇಷ್ಟು. ಮಗಳು ಹುಟ್ಟಿದ ವರ್ಷ ಅವಳಿಗೆ ಹೊಟ್ಟೆನೋವು, ಅಳು. ನಿದ್ದೆ ಎಂಬುದೇ ಇಲ್ಲ. ಎತ್ತಿಕೊಂಡು ನಡೆದರೆ ಮಾತ್ರ ಸುಮ್ಮನಾಗುತ್ತಿತ್ತು. ಕಾಲಿಗೆ ಚಕ್ರ ಕಟ್ಟಿಕೊಂಡು ಹುಟ್ಟಿದ ಅಪ್ಪನಿಗೆ ಇದಕ್ಕಿಂತ ತಕ್ಕ ಮಗು ಸಿಕ್ಕೀತೇ? ಅಡುಗೆಮನೆಯಿಂದ ಬಾಗಿಲಿಗೆ, ಬಾಗಿಲಿನಿಂದ ಅಡುಗೆಮನೆಗೆ ನಡೆಯುತ್ತ ಅವನ ಬಾಯಿಂದ ತಾನಾಗಿ ಹೊರಟ ಹಾಡು ಅದು. ಏರುತ್ತ ಏರುತ್ತ ನಿ ಮುಟ್ಟುತ್ತಿತ್ತು. ಅವನು ಕಲಿತ ಪುಸ್ತಕಗಳ ಪ್ರಕಾರ ಅಂಥಲ್ಲಿ ನಿ ಮುಟ್ಟಿದ ಮೇಲೆ ಮೇಲಿನ ಸ ಹತ್ತಲೇಬೇಕು, ಹಳಬರೆಲ್ಲ ಹತ್ತಿದ್ದಾರೆ. ಆದರೆ ಮಗುವಿನ ಕಣ್ಣು ಸರಿಯಾಗಿ ಅಲ್ಲಿಗೆ ಬರುವಾಗಲೇ ಮುಚ್ಚಿಕೊಳ್ಳುತ್ತಿತ್ತು. ಎಲ್ಲಿ ಎಚ್ಚರವಾಗುತ್ತದೋ ಎಂಬ ಭಯಕ್ಕೆ ಅವನು ದನಿ ತಗ್ಗಿಸಿ, ಸ ಬಿಟ್ಟು, ಕೆಳಗಿನ ಪ ಸ್ವರಕ್ಕೆ ಮೆಲ್ಲಗೆ ಇಳಿದುಬಿಡುತ್ತಿದ್ದ.

ಹಳೆಯ ಸಂಗೀತಗಾರನದೆಂದು ಪ್ರತಿ ಮಾಡುವಾಗ ಅವನು ಅದನ್ನು ತಿದ್ದಿದ. ಅಷ್ಟು ಹಳೆಯ ಕಾಲದವನು ಹಾಗೆ ಇಳಿದಿರಲಾರ, ಡಾಕ್ಟರು ಹಿಡಿದುಬಿಡುತ್ತಾರೆ ಎಂಬ ಹೆದರಿಕೆಗೆ ಇಳಿಯುವುದನ್ನು ಒರೆಸಿ, ನಿಯಮದಂತೆ ಮೇಲಿನ ಸ ಹತ್ತಿಸಿದ. ಸುಳ್ಳನ್ನು ಸರಿಯಾಗಿ ಹೇಳಬೇಕಲ್ಲ!

ಆ ಹೆಸರಿಲ್ಲದ ಸಂಗೀತಗಾರನಿಗೆ ತಾತ ಎಂದು ಹೆಸರಿಟ್ಟವಳು ಚೆಲ್ಲೊ ನುಡಿಸುವ ಟೀಚರಮ್ಮ. ಮಕ್ಕಳಿಗೆ ಭೂಗೋಳ ಕಲಿಸುತ್ತಿದ್ದಳು, ಗಟ್ಟಿ ಹೆಂಗಸು, ಗಟ್ಟಿ ದನಿ. "ನಮ್ಮ ತಾತ ಇಲ್ಲಿ ಅತ್ತಿದ್ದಾನೆ ನೋಡಿ" ಎಂದು ಮೊದಲ ಅಭ್ಯಾಸದಲ್ಲೇ ಕಣ್ಣೊರೆಸಿಕೊಂಡಳು. ಅಂದಿನಿಂದ ಎಲ್ಲರಿಗೂ ಅವನು ತಾತನೇ. ಮೊದಲ ವಯೊಲಿನ್ನಿನ ವಕೀಲರು ತಾತನಿಗೆ ಕೆಮ್ಮಿನ ಕಾಯಿಲೆ ಇತ್ತು ಎಂದರು. ಕೊಳಲಿನ ಅಂಚೆ ಗುಮಾಸ್ತ, ತಾತ ಬಡವನಿರಬೇಕು, ವಾದ್ಯಗಳನ್ನು ಎಷ್ಟು ಕಡಿಮೆ ಬಳಸಿದ್ದಾನೆ ನೋಡಿ ಎಂದ. ಡಾಕ್ಟರಂತೂ ಕಾರ್ಯಕ್ರಮ ಪತ್ರಿಕೆಗೆಂದು ತಾತನ ಬಗ್ಗೆ ಎರಡು ಪುಟ ಬರೆದೇಬಿಟ್ಟರು. ಅದರ ಪ್ರಕಾರ ತಾತನ ಒಂದು ಮಗು ತೀರಿಕೊಂಡಿತ್ತು. ಹಿಂದಿನ ಸಾಲಿನಲ್ಲಿ ಕೂತು, ಅಲ್ಲ, ಕೂರಲಾರದೆ ಗೋಡೆಗುಂಟ ಓಡಾಡುತ್ತ ಇದನ್ನೆಲ್ಲ ಕೇಳುತ್ತಿದ್ದ ಮೆಕ್ಯಾನಿಕ್ ಗಕ್ಕನೆ ನಿಂತ. ಅವನ ಮಗು ನೆಟ್ಟಗೆ ಬೆಳೆದು, ಕೊರಿಯರ್ ಆಫೀಸಿನಲ್ಲಿ ಕೆಲಸ ಹಿಡಿದು, ದಿನಾ ಅವನ ಸ್ನಾನದ ಸರದಿಯನ್ನು ಕಿತ್ತುಕೊಳ್ಳುತ್ತಿತ್ತು.

ಹೊಗಳಿಕೆಯೆಲ್ಲ ತಾತನಿಗೆ ಹೋಯಿತು. ಬೈಗುಳ ಇವನ ಪಾಲಿಗೆ ಬಂತು. ಎಲ್ಲಿ ತೊಡಕಾದರೂ, "ಇದು ತಾತಂದಲ್ಲ, ಹೊಂದಿಸಿದೋರ ಕೆಲಸ" ಎಂದು ವಕೀಲರು ತೀರ್ಪು ಕೊಡುತ್ತಿದ್ದರು. ಚೆನ್ನಾಗಿದ್ದ ಕಡೆ, "ಇಲ್ಲಿ ಇವರು ಪುಣ್ಯಕ್ಕೆ ಕೈ ಹಾಕಿಲ್ಲ" ಎನ್ನುತ್ತಿದ್ದರು. ಅವನು ಹಲ್ಲು ಕಚ್ಚಿಕೊಂಡು ತಲೆಯಾಡಿಸುತ್ತಿದ್ದ. ಆದರೂ ಮನುಷ್ಯರು ತನ್ನ ಸ್ವರಗಳನ್ನು ನುಡಿಸುತ್ತಿದ್ದಾರೆ! ತಂತಿಯ ಮೇಲೆ ಕಮಾನು ಎಳೆದಾಗ ಹಾಲ್‌ನ ನೆಲ ಸಣ್ಣಗೆ ನಡುಗುವುದು ಅವನ ಬೂಟಿನೊಳಗೆ ತಿಳಿಯುತ್ತಿತ್ತು. ಆ ಸುಖಕ್ಕೆ ಅವನು ಎಷ್ಟು ಬೈಗುಳವನ್ನಾದರೂ ನುಂಗಲು ಸಿದ್ಧನಿದ್ದ. ನುಂಗಿದ್ದು ಮಾತ್ರ ಅರಗುತ್ತಿರಲಿಲ್ಲ. ಕೆಲಸದಲ್ಲಿ ತಪ್ಪು ಮಾಡತೊಡಗಿದ. ಒಂದು ಕಟ್ಟಡದಲ್ಲಿ ಅವನು ಸರಿ ಮಾಡಿ ಬಂದ ಲಿಫ್ಟು, ಯಾವ ಗುಂಡಿ ಒತ್ತಿದರೂ ಜನರನ್ನು ನೆಲಮಾಳಿಗೆಗೇ ಕರೆದೊಯ್ಯುತ್ತಿತ್ತಂತೆ. ಮೇಲಧಿಕಾರಿ ಕರೆಸಿ ಉಗಿದ.

ಸಂಗೀತ ಕಛೇರಿಯ ದಿನ ಹತ್ತಿರ ಬಂತು. ಅದಕ್ಕೆ ಮುಂಚಿನ ಕೊನೆಯ ಅಭ್ಯಾಸದ ದಿನ ಸ್ಕೂಟರು ಕೈಕೊಟ್ಟಿತ್ತು. ಮಗಳು ತನ್ನ ಗಾಡಿಯಲ್ಲಿ ಬಿಡಲು ಬಂದವಳು, "ಹೊರಗೆ ಸೆಕೆ, ಒಳಗೇ ಇರ್ತೀನಿ" ಎಂದು ಹಿಂದಿನ ಬೆಂಚಿನಲ್ಲಿ ಕೂತು ಫೋನ್ ತೆಗೆದಳು. ತಾತನ ವಿಷಯ ಅವಳಿಗೆ ಗೊತ್ತಿರಲಿಲ್ಲ. ಅಪ್ಪ ಏನೋ ಸಂಗೀತದವರ ಜೊತೆ ಸೇರಿದ್ದಾರೆ, ಸದ್ಯ ಮನೆಯಲ್ಲಿ ಗದ್ದಲ ಕಡಿಮೆ ಎಂದಷ್ಟೇ ಗೊತ್ತಿತ್ತು.

ನಿಧಾನದ ಭಾಗ ಶುರುವಾಯಿತು. ಚೆಲ್ಲೊ ಮೆಲ್ಲಗೆ ನಡೆಯಿತು, ಮೇಲೆ ವಯೊಲಿನ್ನುಗಳು ಏರುತ್ತ ಹೋದವು. ನಿ ಬಂತು, ಸ ಹತ್ತಿತು. ಡಾಕ್ಟರು ಕಡ್ಡಿಯನ್ನು ಮೇಜಿಗೆ ಕುಟ್ಟಿ ನಿಲ್ಲಿಸಿದರು.

"ಇಲ್ಲಿ ಏನೋ ಸರಿ ಇಲ್ಲ. ಪ್ರತಿ ಸಲ ಇಲ್ಲಿಗೆ ಬಂದಾಗ ನನಗೆ ಹಲ್ಲಲ್ಲಿ ಕಲ್ಲು ಸಿಕ್ಕಂಗಾಗುತ್ತೆ. ನಿಯಮದ ಪ್ರಕಾರ ಸರಿ. ಆದ್ರೆ ತಾತ ಇಷ್ಟು ಹೊತ್ತು ನಿಯಮಕ್ಕೋಸ್ಕರ ಬರೀತಿರ್ಲಿಲ್ಲ. ಸ್ವಾಮೀ," ಎಂದು ಹಿಂದೆ ತಿರುಗಿದರು, "ಮೂಲದಲ್ಲಿ ಇಲ್ಲೇನಿದೆ?"

"ಮೂಲದಲ್ಲಿ..." ಮೆಕ್ಯಾನಿಕ್ ಗೋಡೆಗುಂಟ ಎರಡು ಹೆಜ್ಜೆ ಹಾಕಿದ. "ಅಲ್ಲಿ ಹಾಳೆ ಸ್ವಲ್ಪ ಹರಿದಿತ್ತು."

"ನೋಡಿದ್ರಾ! ಹರಿದ ಕಡೆ ಇವರು ತೇಪೆ ಹಾಕಿದ್ದಾರೆ" ಎಂದರು ವಕೀಲರು.

"ಇನ್ನೊಂದು ಸಲ" ಎಂದು ಡಾಕ್ಟರು ಕಡ್ಡಿ ಎತ್ತಿದರು.

ಇನ್ನೊಂದು ಸಲ ನುಡಿಸಿದರು. ಈ ಸಲ ಅವರ ಜೊತೆಗೆ ಇನ್ನೊಂದು ದನಿ ಹಿಂದಿನಿಂದ ಗುನುಗುತ್ತ ಬಂತು. ಮಗಳು. ಫೋನಿನ ಮೇಲೇ ಕಣ್ಣು, ತಾನು ಗುನುಗುತ್ತಿದ್ದೇನೆ ಎಂಬ ಪರಿವೆಯೇ ಇಲ್ಲ. ಎಲ್ಲರೂ ನಿ ಮುಟ್ಟಿದರು. ವಾದ್ಯಗಳು ಸ ಹತ್ತಿದವು, ಅವಳು ಪ ಸ್ವರಕ್ಕೆ ಇಳಿದಳು. ಎರಡೂ ಡಿಕ್ಕಿ ಹೊಡೆದು ಹಾಲ್‌ನಲ್ಲಿ ಕರ್ಕಶ ಸದ್ದು ಎದ್ದಿತು. ಕಮಾನುಗಳೆಲ್ಲ ಒಂದೊಂದಾಗಿ ನಿಂತವು.

"ಸಾರಿ," ಎಂದಳು ಮಗಳು, ನಾಲಿಗೆ ಕಚ್ಚಿಕೊಂಡು. "ಅದು ಅಲ್ಲಿ ಇಳೀಬೇಕಲ್ವಾ, ಅದಕ್ಕೇ..."

"ಇನ್ನೊಂದು ಸಲ ಹೇಳಮ್ಮ, ನೀನೊಬ್ಬಳೇ" ಎಂದರು ಡಾಕ್ಟರು.

ಅವಳು ಅಪ್ಪನ ಮುಖ ನೋಡಿದಳು. ಅಪ್ಪ ಗೋಡೆ ಕಡೆ ನೋಡುತ್ತಿದ್ದ. ಹಾಡುಗಾರ್ತಿಯೇನಲ್ಲ, ಸ್ವಲ್ಪ ಶೀತದ ದನಿ ಬೇರೆ. ಹಾಡಿದಳು. ಏರಿ, ನಿ ಮುಟ್ಟಿ, ಮೆಲ್ಲಗೆ ಇಳಿದಳು. ಟೀಚರಮ್ಮ ಉಸಿರು ಬಿಟ್ಟದ್ದು ಎಲ್ಲರಿಗೂ ಕೇಳಿಸಿತು.

"ಇದೇ!" ಡಾಕ್ಟರು ಕಡ್ಡಿಯನ್ನು ಗಾಳಿಯಲ್ಲಿ ಆಡಿಸಿದರು. "ಇದೇ ಕಣ್ರೀ ತಾತ ಬರೆದಿದ್ದು! ನಿನಗೆ ಹೇಗೆ ಗೊತ್ತಮ್ಮ ಇದು?"

"ಚಿಕ್ಕೋಳಿದ್ದಾಗಿಂದ ಗೊತ್ತು. ಅಪ್ಪ ಹಾಡ್ತಿದ್ರು."

ಡಾಕ್ಟರ ಕಣ್ಣು ಅರಳಿತು. "ಅಂದ್ರೆ ಇದು ನಿಮ್ಮ ಮನೇಲಿ ಬಾಯಿಂದ ಬಾಯಿಗೆ ಬಂದಿದೆ! ತಾತ ನಿಮ್ಮ ವಂಶದೋರೇ ಇರ್ಬೇಕು! ಹರಕು ಹಾಳೆ ಅಂಗಡೀಲಿ ಸಿಕ್ತು ಅಂತ ಯಾಕ್ರೀ ಸುಳ್ಳು ಹೇಳಿದ್ರಿ? ಮನೆತನದ್ದು ಅಂತ ಹೇಳ್ಕೊಳ್ಳೋಕೆ ಸಂಕೋಚವಾ?"

ಎಂಥ ದಾರಿ ತೆರೆದುಕೊಟ್ಟರು ನೋಡಿ! ಇವನು ಬಾಯಿಬಿಡುವುದೂ ಬೇಡ. ಒಂದು ಸಲ ತಲೆಯಾಡಿಸಿದರೆ ಸಾಕು. ಮುಂದಿನ ವಾರ ಕಛೇರಿ, ತುಂಬಿದ ಸಭೆ, ಹತ್ತಾರು ಜನರ ಕೈಯಲ್ಲಿ ತನ್ನ ಸಂಗೀತ, ಅದೂ ಈಗ ಇಳಿಯಬೇಕಾದ ಕಡೆ ಇಳಿದೇ. ಜೀವಮಾನವಿಡೀ ಬಯಸಿದ್ದು ಅಷ್ಟೇ ತಾನೇ? ಬಾಯಿಬಿಟ್ಟರೆ ಇವರು ಹಾಳೆ ಮಡಿಸಿ ಕೈಗೆ ಕೊಡುತ್ತಾರೆ. ಬದುಕಿರುವವರದ್ದನ್ನು ನುಡಿಸುವುದಿಲ್ಲ ಎಂದು ಮೊದಲೇ ಹೇಳಿದ್ದಾರೆ. ಮತ್ತೆ ಕಂಪ್ಯೂಟರು, ಲಿಫ್ಟಿನ ಹೊಂಡ. ಅವನಿಗೆ ತಲೆಯಾಡಿಸುವ ಆಸೆ ಬಲವಾಗಿಯೇ ಇತ್ತು, ಅದನ್ನು ಮುಚ್ಚಿಡುವುದೇಕೆ.

ಮಗಳು ಮಾತ್ರ ಅವನನ್ನೇ ನೋಡುತ್ತಿದ್ದಳು. "ವಂಶದ್ದಾ? ನೀವೇ ಕಟ್ಟಿದ್ದು ಅಂತ ಅಮ್ಮ ಹೇಳ್ತಿದ್ಲಲ್ಲಪ್ಪ" ಎಂದಳು, ಮೆಲ್ಲಗೆ, ಅವನಿಗಷ್ಟೇ ಕೇಳುವಂತೆ. ಅವಳ ಮುಖದಲ್ಲಿ ಸಿಟ್ಟಿರಲಿಲ್ಲ. ಇಷ್ಟು ವರ್ಷ ತನ್ನದು ಎಂದುಕೊಂಡಿದ್ದ ವಸ್ತು ಬೇರೆಯವರದ್ದಂತೆ ಎಂದು ಯಾರೋ ಹೇಳಿದಾಗ ಮಕ್ಕಳ ಮುಖ ಆಗುತ್ತದಲ್ಲ, ಹಾಗಾಗಿತ್ತು. ಅವನಿಗೆ ಅದನ್ನು ನೋಡಲಾಗಲಿಲ್ಲ. ಉಳಿದ ಸ್ವರಗಳನ್ನೆಲ್ಲ ಬೇಕಾದರೆ ಸತ್ತವರಿಗೆ ಕೊಡಬಹುದಿತ್ತು. ಆ ಇಳಿಯುವ ಒಂದು ಸ್ವರವನ್ನು ಕೊಡಲು ಅವನಿಂದ ಆಗಲಿಲ್ಲ.

"ತಾತ ಅಂತ ಯಾರೂ ಇಲ್ಲ," ಎಂದ. "ನಾನೇ ಬರೆದಿದ್ದು. ಪೂರ್ತಿ."

ಮೊದಲು ನಗು ಬಂತು. ವಕೀಲರು, "ಸಾಕ್ಷಿ?" ಎಂದು ತಮಾಷೆ ಮಾಡಿದರು. ಇವನು ನಗಲಿಲ್ಲ. ನಿಂತಲ್ಲೇ ನಿಂತು, ಹೆಸರು ಬಚ್ಚಿಟ್ಟದ್ದು, ಅಂಗಡಿಯ ಕಥೆ ಕಟ್ಟಿದ್ದು, ಹೆದರಿ ಸ ಹತ್ತಿಸಿದ್ದು, ಎಲ್ಲವನ್ನೂ ಹೇಳಿದ. ಹೇಳುತ್ತ ಹೇಳುತ್ತ ಎದುರಿನ ಮುಖಗಳು ಬದಲಾದವು.

ಡಾಕ್ಟರು ಎದುರಿನ ಹಾಳೆಗಳನ್ನು ಒಂದೊಂದಾಗಿ ಮಡಿಸಿಟ್ಟರು. "ನಾನು ಎರಡು ಪುಟ ಬರೆದಿದ್ದೀನಿ," ಎಂದರು ಕೊನೆಗೆ. "ಅಚ್ಚಾಗಿದೆ. ಮಗು ತೀರಿಕೊಂಡಿತ್ತು ಅಂತ ಬರೆದಿದ್ದೀನಿ." ಮಗಳ ಕಡೆ ಒಮ್ಮೆ ನೋಡಿದರು. ಊರಿನ ಮುಂದೆ ನಗೆಪಾಟಲಾಗುವ ಭಯವೂ ಇತ್ತು, ಮೋಸ ಹೋದ ನೋವೂ ಇತ್ತು. ಎರಡನೆಯದೇ ದೊಡ್ಡದಿತ್ತು, ಯಾಕೆಂದರೆ ತಾತನನ್ನು ಎಲ್ಲರಿಗಿಂತ ಹೆಚ್ಚು ಪ್ರೀತಿಸಿದವರು ಅವರೇ. "ಕಾರ್ಯಕ್ರಮದಿಂದ ಇದನ್ನ ತೆಗೆದಿದ್ದೀನಿ. ಅದರ ಬದಲು ಹೋದ ವರ್ಷದ್ದೇ ನುಡಿಸೋಣ" ಎಂದು ಕಡ್ಡಿಯನ್ನು ಅದರ ಡಬ್ಬಿಗೆ ಹಾಕಿ, ಕೋಟು ಹೆಗಲಿಗೆ ಎಸೆದುಕೊಂಡು ಹೊರಟೇಹೋದರು. ಬಾಗಿಲು ಧಡ್ ಎಂದಿತು.

ವಕೀಲರು ವಯೊಲಿನ್ ಪೆಟ್ಟಿಗೆಗೆ ಇಟ್ಟು, "ನ್ಯಾಯವಾಗಿ ನೋಡಿದ್ರೆ ಇದು ವಂಚನೆ" ಎಂದು ಅವನ ಮುಖ ನೋಡದೆ ಅಂದು ಡಾಕ್ಟರ ಹಿಂದೆಯೇ ನಡೆದರು. ಇನ್ನು ಕೆಲವರೂ ಎದ್ದರು. ಬೆಂಚು ಎಳೆಯುವ ಸದ್ದು, ಪೆಟ್ಟಿಗೆಗಳ ಕೊಂಡಿ ಹಾಕುವ ಸದ್ದು. ಮೆಕ್ಯಾನಿಕ್ ಹಾಲ್‌ನ ನಡುವೆ ನಿಂತಿದ್ದ. ಕೈಗೆಟುಕಿದ್ದನ್ನು ತಾನೇ ನೂಕಿದೆನಲ್ಲ ಎಂದು ತನ್ನನ್ನೇ ಬೈದುಕೊಂಡ. ಹಾಳೆಗಳನ್ನು ವಾಪಸ್ ತೆಗೆದುಕೊಂಡು ಹೋಗೋಣ ಎಂದು ಒಂದೊಂದು ಸ್ಟ್ಯಾಂಡಿನಿಂದಲೂ ಎತ್ತತೊಡಗಿದ.

ಟೀಚರಮ್ಮನ ಸ್ಟ್ಯಾಂಡಿಗೆ ಬಂದಾಗ ಅವಳು ಹಾಳೆಯ ಮೇಲೆ ಅಂಗೈ ಒತ್ತಿ ಹಿಡಿದಳು.

"ಹಾಗಾದ್ರೆ ನಾನು ಅತ್ತಿದ್ದು ನಿಮಗೋಸ್ಕರವಾ?"

"ತಪ್ಪಾಯ್ತು ಅಮ್ಮ."

"ಥೂ!" ಎಂದಳು ಅವಳು. ಮುಖ ಕೆಂಪೇರಿತ್ತು. "ಎಷ್ಟು ದಿನದಿಂದ ನನ್ನ ಕಿರುಬೆರಳು ಸಾಯ್ತಿದೆ ಗೊತ್ತಾ? ನೋಡಿ, ಈ ಸಾಲು. ಇಲ್ಲಿಂದ ಇಲ್ಲಿಗೆ ಯಾವ ಮನುಷ್ಯನ ಕೈಯಾದ್ರೂ ಎಟುಕುತ್ತಾ? ಆಗಿನ ಕಾಲದೋರ ಕೈ ದೊಡ್ಡದಿತ್ತೇನೋ ಅಂತ ಬಾಯಿ ಮುಚ್ಕೊಂಡು ಎಳೀತಿದ್ದೆ. ಸತ್ತೋರ ಹತ್ರ ಜಗಳ ಆಡೋಕಾಗುತ್ತಾ? ನೀವು ಬದುಕಿದ್ದೀರಲ್ಲ. ತಿದ್ದಿ!"

ಅವನಿಗೆ ಮೊದಲು ಅರ್ಥವಾಗಲಿಲ್ಲ. "ಆದ್ರೆ ಕಾರ್ಯಕ್ರಮದಿಂದ ತೆಗೆದ್ರಲ್ಲ..."

"ತೆಗೆದ್ರು. ನನ್ನ ಬೆರಳಿನ ನೋವು ತೆಗೆದ್ರಾ? ಕೂತ್ಕೊಳ್ಳಿ ಇಲ್ಲಿ."

ಬಾಗಿಲ ತನಕ ಹೋಗಿದ್ದ ಅಂಚೆ ಗುಮಾಸ್ತ ನಿಂತ. ಯೋಚಿಸಿದ. ಕೊಳಲಿನ ಚೀಲವನ್ನು ಕಂಕುಳಲ್ಲಿ ಇಟ್ಟುಕೊಂಡೇ ವಾಪಸ್ ಬಂದು, "ಹಾಗಿದ್ರೆ ನನ್ನದೂ ಒಂದಿದೆ. ಎರಡನೇ ಹಾಳೆ ಪೂರ್ತಿ ಉಸಿರು ತಗೊಳ್ಳೋಕೆ ಜಾಗಾನೇ ಇಟ್ಟಿಲ್ಲ ನೀವು. ನನಗೆ ಕಣ್ಣು ಕತ್ತಲೆ ಬರುತ್ತೆ. ತಾತ ದೊಡ್ಡ ಮನುಷ್ಯ, ನನ್ನದೇ ಶ್ವಾಸಕೋಶ ಸರಿ ಇಲ್ಲ ಅಂದ್ಕೊಂಡು ಡಾಕ್ಟರಿಗೆ ತೋರಿಸ್ದೆ" ಎಂದ.

"ಹಲ್ಲಿನ ಡಾಕ್ಟರಿಗಾ?" ಎಂದಳು ಟೀಚರಮ್ಮ. ಯಾರೋ ಕಿಸಕ್ಕೆಂದರು.

ಹಿಂದಿನ ಸಾಲಿನ ವಯೊಲಿನ್ನಿನವರಿಬ್ಬರು ಹಾಳೆ ಮಗುಚುವುದಕ್ಕೆ ಕೈ ಬಿಡುವಿಲ್ಲ ಎಂದು ಗೊಣಗುತ್ತ ಬಂದರು. ಉಳಿದವರು ಏಳೋ ಎಂಟೋ ಮಂದಿ. ಎಲ್ಲರ ಮುಖವೂ ಗಂಟು, ಎಲ್ಲರ ಬಳಿಯೂ ದೂರು. ಕಂಪ್ಯೂಟರು ಇಷ್ಟು ವರ್ಷದಲ್ಲಿ ಒಂದು ದೂರನ್ನೂ ಹೇಳಿರಲಿಲ್ಲ. ಮೆಕ್ಯಾನಿಕ್ ಕುರ್ಚಿ ಎಳೆದುಕೊಂಡು ಟೀಚರಮ್ಮನ ಪಕ್ಕ ಕೂತ. ಮೊದಲು ಎಲ್ಲರ ಹಾಳೆಯಲ್ಲೂ ಆ ಸ ಹೊಡೆದು ಹಾಕಿ ಪ ಬರೆದ. ಆಮೇಲೆ ಅವಳ ಅಂಗೈಯನ್ನು ತಂತಿಯ ಮೇಲೆ ಇಡಿಸಿ, ಕಿರುಬೆರಳು ಎಲ್ಲಿಯವರೆಗೆ ಹೋಗುತ್ತದೆ ಎಂದು ಬಗ್ಗಿ ನೋಡಿದ. "ಇನ್ನೂ ಸ್ವಲ್ಪ ಚಾಚಿ," ಎಂದ. "ಚಾಚೋದಾದ್ರೆ ನಿಮ್ಮನ್ನ್ಯಾಕೆ ಕೇಳ್ತಿದ್ದೆ?" ಎಂದು ಅವಳು ಗದರಿದಳು. ಅವನ ಮೊಣಕಾಲು ಕುಣಿಯುವುದನ್ನು ಮರೆತಿತ್ತು.

ಹಿಂದಿನ ಬೆಂಚಿನಲ್ಲಿ ಮಗಳ ಫೋನು ಸದ್ದು ಮಾಡಿತು. ಅವಳು ಕೈಯಿಂದ ಬಾಯಿ ಮರೆಮಾಡಿ ಮಾತಾಡಿದಳು.

"ಅಮ್ಮ, ತಡ ಆಗುತ್ತೆ. ಕಾಯ್ಬೇಡ, ಊಟ ಮಾಡು... ತಾನೇ ಬರೆದಿದ್ದು ಅಂತ ಎಲ್ಲ ಹೇಳಿಬಿಟ್ರು. ಹ್ಞೂಂ, ಅಪ್ಪಾನೇ... ಇಲ್ಲ, ನುಡಿಸಲ್ವಂತೆ. ಈಗ ಎಲ್ಲರೂ ಸುತ್ತ ನಿಂತ್ಕೊಂಡು ಅಪ್ಪನ್ನ ಬೈತಿದ್ದಾರೆ." ಸ್ವಲ್ಪ ಹೊತ್ತು ಆ ಕಡೆಯ ಮಾತು ಕೇಳಿಸಿಕೊಂಡಳು. ಕತ್ತು ಚಾಚಿ ಅಪ್ಪನ ಮುಖವನ್ನು ಇನ್ನೊಮ್ಮೆ ಸರಿಯಾಗಿ ನೋಡಿದಳು.

"ಇಲ್ಲಮ್ಮ," ಎಂದಳು. "ಖುಷಿಯಾಗೇ ಇದ್ದಾರೆ."